ರೋಡ್ ಬೈಕ್ ಗೇರ್ ಕಟಕಟ ಅಂತಿದ್ಯಾ? ಮೊದ್ಲು ಆ ಸ್ಕ್ರೂಡ್ರೈವರ್ ಕೆಳಗಿಡಿ

[ಶುರುವಲ್ಲಿ ಮಾತಿಲ್ಲ. ಹಿಂದಿನ ಚಕ್ರ ಹತ್ತಿರದಿಂದ. ಪೆಡಲ್ ಕೈಯಲ್ಲಿ ತಿರುಗಿಸ್ತಿರೋದು, ಕಟ್ ಕಟ್ ಕಟ್ ಸದ್ದು]

ಕೇಳಿಸ್ತಾ? ಒಗ್ಗರಣೇಲಿ ಸಾಸಿವೆ ಸಿಡಿದಂಗೆ. ಇದು ನಮ್ಮಕ್ಕನ ಮಗಳ ರೋಡ್ ಬೈಕು, ಅಂದ್ರೆ ರೇಸ್ ತರದ ಗೇರ್ ಸೈಕಲ್ಲು. ಹೋದ ತಿಂಗಳು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ್ಳು, ಗೇರ್ ಸೆಟ್ಟು ಶಿಮಾನೋ ಕಂಪನಿದು, ಕ್ಲಾರಿಸ್ ಅಂತ, ಹಿಂದೆ 8 ಗೇರು ಮುಂದೆ 2, ರಬ್ಬರ್ ಬಂದು ರಿಮ್ ಹಿಡಿಯೋ ರಿಮ್ ಬ್ರೇಕು, ಹೊಸಬ್ರಿಗೆ ಧಾರಾಳವಾಗಿ ಸಾಕು. ತಗೊಂಡು ಎರಡನೇ ಭಾನುವಾರನೇ ಫ್ರೆಂಡ್ಸ್ ಜೊತೆ ನಂದಿ ಬೆಟ್ಟ ಹತ್ತೋಕೆ ಹೋಗಿದಾಳೆ ಮಹಾತಾಯಿ, ಬೆಳಗ್ಗೆ ಏಳು ಗಂಟೆಗೆ ನಂಗೆ ಫೋನು, "ಮಾಮ, ಲೈಟ್ ಗೇರ್‌ಗೆ ಬೀಳ್ತಾನೇ ಇಲ್ಲ, ಬಿದ್ರೂ ತಾನೇ ವಾಪಸ್ ಬರುತ್ತೆ, ಆಮೇಲೆ ಬ್ರೇಕ್ ಹಿಡಿದ್ರೆ ಲಿವರ್ ಹ್ಯಾಂಡಲ್‌ವರೆಗೂ ಬಂದ್ಬಿಡುತ್ತೆ." ನಾನು ಒಂದೇ ಮಾತು ಹೇಳಿದ್ದು, ಹತ್ತೋದೂ ಬೇಡ ಓಡಿಸ್ಕೊಂಡು ಇಳಿಯೋದೂ ಬೇಡ, ತಳ್ಕೊಂಡು ಬಾ.

ಹಿಂದಿನ ರಾತ್ರಿ ಏನ್ ಮಾಡಿದ್ಳು ಅನ್ನೋದು ಆಮೇಲೆ ಗೊತ್ತಾಗಿದ್ದು. ಹಿಂದಿನ ಡಿರೈಲರ್, ಅಂದ್ರೆ ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ಸರಿಸೋ ಭಾಗ, ಅದ್ರ ಮೇಲೆ ಎಚ್, ಎಲ್ ಅಂತ ಬರೆದಿರೋ ಎರಡು ಪುಟ್ಟ ಸ್ಕ್ರೂ ಇರುತ್ತಲ್ಲ, ಅದನ್ನ ಆ ಕಡೆ ಎರಡು ಸುತ್ತು ಈ ಕಡೆ ಮೂರು ಸುತ್ತು. ಬೈಯೋ ಹಂಗೂ ಇಲ್ಲ, ನನ್ನ ಮೊದಲನೇ ಬೈಕಲ್ಲಿ ನಾನೂ ಅದನ್ನೇ ಮಾಡಿದ್ದೆ. ಕೈಗೆ ಸಿಗೋ ಜಾಗದಲ್ಲಿ ಸ್ಕ್ರೂ ಇದ್ರೆ ತಿರುಗಿಸ್ಬೇಕು ಅನ್ಸೇ ಅನ್ಸುತ್ತೆ.

[ಬಾಲ್ಕನಿ. ಬಟ್ಟೆ ಒಣಗಿಸೋ ಕಂಬಿಗೆ ಹಗ್ಗ ಕಟ್ಟಿ ಸೀಟು ನೇತಾಕಿರೋದು]

ರಿಪೇರಿ ಸ್ಟ್ಯಾಂಡ್ ಎಲ್ಲ ಬೇಡ, ಈ ತರ ಹಗ್ಗ ಸಾಕು, ಹಿಂದಿನ ಚಕ್ರ ನೆಲ ಬಿಟ್ಟು ಒಂದಡಿ ಮೇಲಿದ್ರೆ ಆಯ್ತು.

ಬ್ರೇಕ್ ಮೊದಲು. ಗೇರ್ ಕೈ ಕೊಟ್ರೆ ನಡ್ಕೊಂಡಾದ್ರೂ ಮನೆಗೆ ಬರ್ತೀವಿ, ಬ್ರೇಕ್ ಕೈ ಕೊಟ್ರೆ ಬೇರೆಯವ್ರು ಎತ್ಕೊಂಡು ಬರ್ಬೇಕು. ಅವಳ ಬ್ರೇಕಿಗೆ ಏನಾಗಿತ್ತು ಅಂದ್ರೆ... ನೋಡಿ ಇಲ್ಲಿ.

[ಮುಂದಿನ ಬ್ರೇಕ್ ಕ್ಯಾಲಿಪರ್ ಹತ್ತಿರದಿಂದ, ಬೆರಳು ತೋರಿಸ್ತಿದೆ]

ರಿಮ್ಮನ್ನ ಇಕ್ಕಳದ ತರ ಹಿಡಿಯೋ ಈ ಭಾಗ ಕ್ಯಾಲಿಪರ್, ಅದ್ರ ಪಕ್ಕದಲ್ಲಿ ಈ ಸಣ್ಣ ಲಿವರ್. ಚಕ್ರ ಬಿಚ್ಚುವಾಗ ಬ್ರೇಕ್ ಅಗಲ ಆಗ್ಲಿ ಅಂತ ಇದನ್ನ ಮೇಲಕ್ಕೆತ್ತೋದು, ಚಕ್ರ ಹಾಕಿದ್ಮೇಲೆ ಕೆಳಗೆ ಒತ್ಬೇಕು. ಒತ್ತಿರ್ಲಿಲ್ಲ! ಟಕ್ ಅಂತ ಕೆಳಗೆ ಒತ್ದೆ, ಬ್ರೇಕ್ ಸರಿಹೋಯ್ತು, ಅವಳ ಮುಖ ನೋಡ್ಬೇಕಿತ್ತು.

ಇದು ಮುಚ್ಚಿದ್ರೂ ಲಿವರ್ ಸಡಿಲ ಅನ್ಸಿದ್ರೆ ಕೇಬಲ್ ಒಳಗೆ ಬರೋ ಜಾಗದಲ್ಲಿ ಒಂದು ಗುಂಡು ನಟ್ ಇದೆ, ಬ್ಯಾರಲ್ ಅಡ್ಜಸ್ಟರ್ ಅಂತಾರೆ, ಬಿಚ್ಚೋ ದಿಕ್ಕಿಗೆ ತಿರುಗಿಸಿದ್ರೆ ಬ್ರೇಕ್ ರಬ್ಬರ್ ರಿಮ್‌ಗೆ ಹತ್ರ ಬರುತ್ತೆ, ಎರಡೂ ಕಡೆ ಒಂದೂವರೆ ಎರಡು ಮಿಲಿಮೀಟರ್ ಗ್ಯಾಪ್ ಇದ್ರೆ ಸಾಕು. ಅದ್ರಲ್ಲಿ ಆಗ್ಲಿಲ್ಲ ಅಂದ್ರೆ ಬ್ಯಾರಲ್ಲನ್ನ ವಾಪಸ್ ಒಳಗೆ ಕೂರಿಸಿ, 5 ಎಂಎಂ ಅಲೆನ್ ಕೀಲಿ ಕೇಬಲ್ ಕಚ್ಚಿರೋ ಬೋಲ್ಟ್ ಸಡಿಲ ಮಾಡಿ, ಕೇಬಲ್ ಸ್ವಲ್ಪ ಎಳೆದು ಟೈಟ್ ಮಾಡಿ. ಟೈಟ್ ಮಾಡಿದ್ಮೇಲೆ ಲಿವರ್ ಜೋರಾಗಿ ನಾಲ್ಕೈದು ಸಲ ಹಿಸುಕಿ, ಜಾರೋದಿದ್ರೆ ಇಲ್ಲೇ ಬಾಲ್ಕನೀಲೇ ಜಾರ್ಲಿ.

ಈಗ ಕೀಈಈ ಸದ್ದು. ಇದಕ್ಕೆ ಜನ ಮಾಡೋ ದೊಡ್ಡ ತಪ್ಪು ಎಣ್ಣೆ ಬಿಡೋದು. ಅಯ್ಯೋ ದಯವಿಟ್ಟು ಬೇಡ, ಚೈನಿಗೆ ಸ್ಪ್ರೇ ಹೊಡೀತಾ ರಿಮ್ ಮೇಲೆ ಸಿಡಿದ್ರೂ ಒರೆಸ್ಬೇಕು, ಬ್ರೇಕ್ ಹಿಡಿಯೋದು ಉಜ್ಜಾಟದಿಂದ, ಅಲ್ಲಿ ಎಣ್ಣೆ ಹಾಕಿದ್ರೆ ಇನ್ನೇನ್ ಉಳೀತು. ಐಸೊಪ್ರೊಪೈಲ್ ಆಲ್ಕೋಹಾಲ್ ಮೆಡಿಕಲ್ ಶಾಪಲ್ಲೇ ಸಿಗುತ್ತೆ, ಬಟ್ಟೇಲಿ ಹಾಕಿ ರಿಮ್ ಒರೆಸಿ. ಆಮೇಲೆ ರಬ್ಬರ್ ಬಿಚ್ಚಿ ನೋಡಿ.

[ಅಂಗೈ ಮೇಲೆ ಬ್ರೇಕ್ ರಬ್ಬರ್. ಸೇಫ್ಟಿ ಪಿನ್ನಿಂದ ಏನೋ ಕೀಳ್ತಿರೋದು]

ಇಲ್ಲಿ ಹೊಳೀತಿದೆ ನೋಡಿ, ಬೆಳ್ಳಿ ಚೂರಿನ ತರ. ಅದು ಅಲ್ಯೂಮಿನಿಯಂ, ರಿಮ್‌ದೇ ಚೂರು. ಮಳೆ ನೀರಲ್ಲಿ ರಸ್ತೆ ಮರಳು ರಬ್ಬರ್ ಒಳಗೆ ಕಚ್ಕೊಳ್ಳುತ್ತೆ, ಅದು ರಿಮ್ ಕೆರೆಯುತ್ತೆ, ಕೆರೆದ ಚೂರು ಮತ್ತೆ ರಬ್ಬರ್‌ಗೇ ಹೋಗಿ ಕೂರುತ್ತೆ, ಪ್ರತಿ ಸಲ ಬ್ರೇಕ್ ಹಿಡಿದಾಗ ನಿಮ್ ರಿಮ್ಮನ್ನ ನೀವೇ ಅರ ಹಾಕಿ ಉಜ್ತಿರ್ತೀರ. ಪಿನ್ನಲ್ಲಿ ಒಂದೊಂದೇ ಕಿತ್ತಾಕಿ, ಮೇಲ್ಮೈ ಮೇಲೆ ಸ್ಯಾಂಡ್ ಪೇಪರ್ ಎರಡು ಸಲ ಎಳೀರಿ. ನಾನು ಈ ಒಂದು ರಬ್ಬರಿಂದ ಒಂಬತ್ತು ಚೂರು ತೆಗ್ದೆ.

ವಾಪಸ್ ಹಾಕುವಾಗ ಮದುವೆ ಕರೆಯೋಲೆ ತುಂಡು ಒಂದು ಬೇಕು. ತಮಾಷೆ ಅಲ್ಲ. ರಬ್ಬರ್‌ದು ಹಿಂಭಾಗದ ತುದಿಗೂ ರಿಮ್ಮಿಗೂ ಮಧ್ಯೆ ಆ ತುಂಡು ಇಟ್ಟು, ಬ್ರೇಕ್ ಹಿಸುಕಿ ಹಿಡ್ಕೊಂಡು ಬೋಲ್ಟ್ ಟೈಟ್ ಮಾಡಿ, ಕರೆಯೋಲೆ ಎಳೆದಾಕಿ. ಈಗ ರಬ್ಬರ್‌ದು ಮುಂದಿನ ತುದಿ ಮೊದಲು ತಾಗುತ್ತೆ, ಕಿರುಚಾಟ ಬಹುತೇಕ ನಿಲ್ಲುತ್ತೆ. ರಬ್ಬರ್ ಮೇಲ್ಗಡೆ ಟೈರಿಗೆ ತಾಗ್ತಿಲ್ಲ ತಾನೆ, ಅದನ್ನ ಮಾತ್ರ ಬಗ್ಗಿ ನೋಡಿ, ತಾಗಿದ್ರೆ ಟೈರ್ ಪಕ್ಕ ಸವೆದು ಒಂದಿನ ಢಮಾರ್. ರಬ್ಬರ್ ಜಾರಿಸಿ ಹಾಕೋ ಟೈಪ್ ಆದ್ರೆ ಆ ಗೂಡಿನ ತೆರೆದ ಬಾಯಿ ಹಿಂದಕ್ಕಿರ್ಬೇಕು, ಮುಂದಕ್ಕಿದ್ರೆ ಬ್ರೇಕ್ ಹಿಡಿದಾಗ ರಬ್ಬರ್ ಕಿತ್ಕೊಂಡು ಹೋಗುತ್ತೆ. ಡಿಸ್ಕ್ ಬ್ರೇಕ್ ಇರೋರು ಬೇಜಾರ್ ಮಾಡ್ಕೋಬೇಡಿ, ನಿಮ್ದು ಇನ್ನೊಂದ್ ದಿನ.

ಗೇರ್‌ಗೆ ಬರೋಣ, ಇಲ್ಲಿ ನಿಧಾನಕ್ಕೆ ಕೇಳಿ.

ಬಲಗೈ ಗೇರ್ ಲಿವರ್ ಒಂದು ಕ್ಲಿಕ್ ಅಂದ್ರೆ ಅದು ಕೇಬಲ್ಲನ್ನ ಇಷ್ಟೇ ಅಂತ ಅಳತೆ ಮಾಡಿ ಎಳೆಯುತ್ತೆ, ಡಿರೈಲರ್ ಅಷ್ಟೇ ಸರಿಯುತ್ತೆ. 8 ಸ್ಪೀಡಲ್ಲಿ ಒಂದು ಹಲ್ಲು ಚಕ್ರದಿಂದ ಪಕ್ಕದ್ದಕ್ಕೆ 4.8 ಮಿಲಿಮೀಟರ್. ಅಂದ್ರೆ ಕೇಬಲ್ ಕೂದಲೆಳೆಯಷ್ಟು ಸಡಿಲ ಆದ್ರೂ ಚೈನು ಎರಡು ಚಕ್ರದ ಮಧ್ಯೆ ತ್ರಿಶಂಕು. ಮುಂಚೆ ಈ ಕ್ಲಿಕ್ಕೇ ಇರ್ಲಿಲ್ಲ, ಕಿವಿ ಕೊಟ್ಕೊಂಡು ಲಿವರ್ ಅಂದಾಜಲ್ಲಿ ತಳ್ಬೇಕಿತ್ತು, 1984ರಲ್ಲಿ ಶಿಮಾನೋ ತನ್ನ ಡ್ಯುರಾ ಏಸ್ ಅನ್ನೋ ರೇಸಿಂಗ್ ಗೇರ್ ಸೆಟ್ಟಲ್ಲಿ ಈ ಕ್ಲಿಕ್ ತಂದ್ಮೇಲೆ ಕಿವಿಗೆ ರೆಸ್ಟು, ಕೇಬಲ್‌ಗೆ ಕಷ್ಟ.

ಮೊದಲು ಚೈನ್ ಅತೀ ಚಿಕ್ಕ ಚಕ್ರಕ್ಕೆ ತನ್ನಿ, ಹೆವಿ ಗೇರು. ಪೆಡಲ್ ತಿರುಗಿಸ್ತಾ ಒಂದೇ ಕ್ಲಿಕ್. ಎರಡನೇದಕ್ಕೆ ಏರ್ಲಿಲ್ಲ, ಇಲ್ಲ ಯೋಚನೆ ಮಾಡಿ ಏರ್ತು ಅಂದ್ರೆ ಕೇಬಲ್ ಸಡಿಲ. ಹಿಂದಿನ ಡಿರೈಲರ್‌ಗೆ ಕೇಬಲ್ ಸೇರೋ ಕಡೆ ಅದೇ ತರ ಬ್ಯಾರಲ್ ಇದೆ, ಬೈಕ್ ಹಿಂದೆ ನಿಂತ್ಕೊಂಡು ನೋಡ್ತಾ ಅದನ್ನ ಎಡಕ್ಕೆ, ಅಂದ್ರೆ ಗಡಿಯಾರದ ವಿರುದ್ಧ, ಕಾಲು ಸುತ್ತು. ಮತ್ತೆ ನೋಡಿ. ಮತ್ತೆ ಕಾಲು ಸುತ್ತು. ಒಂದು ಕ್ಲಿಕ್ಕಿಗೆ ಮೂರನೇದಕ್ಕೆ ಹಾರೋಕೆ ನೋಡ್ತಿದ್ರೆ ಬಲಕ್ಕೆ. ಹತ್ತರಲ್ಲಿ ಎಂಟು ಬೈಕಿನ ಕಟಕಟ ಇಲ್ಲೇ ಮುಗಿಯುತ್ತೆ, ಇದು ಲೆಕ್ಕ ಅಲ್ಲ, ನನ್ನ ಅಂದಾಜು.

ಏರೋದು ಸಲೀಸು, ಆದ್ರೆ ಚಿಕ್ಕದಕ್ಕೆ ಇಳಿಯೋಕೆ ಮಾತ್ರ ಸೋಮಾರಿತನ ಅಂದ್ರೆ ಕೇಬಲ್ ಹೊರಕವಚದೊಳಗೆ ಕೊಳೆ, ತುಕ್ಕು, ಆಗ ಬ್ಯಾರಲ್ ತಿರುಗಿಸಿ ಪ್ರಯೋಜನ ಇಲ್ಲ, ಕೇಬಲ್ ಬದಲಾಯಿಸಿ. ಇನ್ನೊಂದು, ವಾರ ವಾರ ಬ್ಯಾರಲ್ ತಿರುಗಿಸ್ತಾನೇ ಇದೀರ, ಮತ್ತೆ ಮತ್ತೆ ಸಡಿಲ ಆಗ್ತಿದೆ ಅಂದ್ರೆ ಲಿವರ್ ಒಳಗೆ ಕೇಬಲ್ ಎಳೆ ಎಳೆ ಬಿಡ್ತಿದೆ ಅಂತ ಅನುಮಾನ ಪಡಿ, ಲಿವರ್ ಮೇಲಿನ ರಬ್ಬರ್ ಹೊದಿಕೆ ಮಡಚಿ ನೋಡಿ, ಅದು ಕಿತ್ತು ತುಂಡು ಲಿವರೊಳಗೆ ಸಿಕ್ಕಾಕೊಂಡ್ರೆ ತೆಗೆಯೋ ಕಷ್ಟ ಬೇಡವೇ ಬೇಡ.

ನಮ್ಮ ಹುಡುಗಿ ಬೈಕಲ್ಲಿ ಇದ್ಯಾವುದೂ ಅಲ್ಲ. ಚಿಕ್ಕ ಚಕ್ರಗಳಿಗೆ ಸರಿ ಮಾಡಿದ್ರೆ ದೊಡ್ಡವು ಕಟಕಟ, ದೊಡ್ಡವು ಸರಿ ಮಾಡಿದ್ರೆ ಚಿಕ್ಕವು. ಚಿಕ್ಕ ಕಂಬಳಿ ತರ, ತಲೆಗೆ ಎಳೆದ್ರೆ ಕಾಲು ಹೊರಗೆ. ಹಂಗಾದಾಗ ಬೈಕ್ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ.

[ಹಿಂದಿನಿಂದ. ಪಕ್ಕದಲ್ಲಿ ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟಿರೋದು]

ಡಿರೈಲರ್‌ದು ಎರಡು ಪುಟ್ಟ ಗಾಲಿ ಇರೋ ಕೈ, ದಾರದ ಜೊತೆ ನೆಟ್ಟಗಿರ್ಬೇಕು. ಇಲ್ಲಿ ನೋಡಿ, ಕೆಳಗಿನ ಗಾಲಿ ಸ್ಪೋಕ್ ಕಡೆ ವಾಲಿದೆ. ಡಿರೈಲರ್ ತೂಗಾಡೋದು ಹ್ಯಾಂಗರ್ ಅನ್ನೋ ತುಂಡಿನ ಮೇಲೆ, ಅದನ್ನ ಬೇಕಂತಲೇ ಮೆತ್ತಗಿನ ಅಲ್ಯೂಮಿನಿಯಮಲ್ಲಿ ಮಾಡ್ತಾರೆ, ಬೈಕ್ ಬಿದ್ರೆ ಅದು ಬಗ್ಗಲಿ ಫ್ರೇಮ್ ಉಳೀಲಿ ಅಂತ.

"ಬಿದ್ದಿದ್ಯೇನೆ ಇದು?" ಅಂದೆ. "ಇಲ್ಲ ಮಾಮ, ಬಿದ್ದೇ ಇಲ್ಲ." "ಮನೆಗೆ ಹೆಂಗ್ ತಂದೆ?" "ಅಪ್ಪನ ಕಾರ್ ಡಿಕ್ಕೀಲಿ." "ಹೆಂಗ್ ಮಲಗ್ಸಿದ್ರಿ?" ಸ್ವಲ್ಪ ಹೊತ್ತು ಮಾತಿಲ್ಲ. "ಗೇರ್ ಕೆಳಗೆ ಬಂದಿತ್ತು... ಮೇಲೆ ಅಕ್ಕಿ ಮೂಟೆ ಇತ್ತು."

ಹ್ಯಾಂಗರ್ ಒಳಕ್ಕೆ ವಾಲಿದೆ, ಅದ್ರ ಮೇಲೆ ಎಲ್ ಸ್ಕ್ರೂ ಬೇರೆ ಬಿಚ್ಚಾಕಿದಾಳೆ. ಆ ಸ್ಕ್ರೂ ಕೆಲಸ ಏನಂದ್ರೆ ಡಿರೈಲರ್ ದೊಡ್ಡ ಚಕ್ರ ದಾಟಿ ಸ್ಪೋಕ್ ಕಡೆ ಹೋಗದಂಗೆ ಬೇಲಿ ಹಾಕೋದು. ಬೇಲಿನೂ ಇಲ್ಲ, ಡಿರೈಲರ್ ಬೇರೆ ಒಳಗೆ ವಾಲಿದೆ, ಬೆಟ್ಟದಲ್ಲಿ ಎದ್ದು ನಿಂತು ತುಳೀತಾ ಲೈಟ್ ಗೇರ್ ಹಾಕಿದ್ರೆ ಡಿರೈಲರ್ ಸ್ಪೋಕಿಗೆ ಸಿಕ್ಕಿ ಚಕ್ರ ಅಲ್ಲೇ ಕಚ್ಕೊಂಡ್ಬಿಡ್ತಿತ್ತು. ತಳ್ಕೊಂಡು ಬಾ ಅಂದಿದ್ದು ಲಕ್ಕು ಕಣ್ರಿ, ಆಗ ನಂಗೂ ಹ್ಯಾಂಗರ್ ವಿಷಯ ಗೊತ್ತಿರ್ಲಿಲ್ಲ.

ಸ್ವಲ್ಪ ವಾಲಿದ್ರೆ ಅಳತೆ ಕೋಲಿರೋ ಅಂಗಡಿಯವ್ರು ನೆಟ್ಟಗೆ ಮಾಡ್ಕೊಡ್ತಾರೆ, ಕೈಯಲ್ಲಿ ಬಗ್ಗಿಸೋ ಸಾಹಸ ಬೇಡ, ಪಟಕ್ ಅಂತ ಮುರಿಯುತ್ತೆ. ನಾನು ಹೊಸದೇ ತರಿಸಿದೆ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಹಳೇದು ಬಿಚ್ಚಿ ಫೋಟೋ ತೆಗೆದು ತೂತು ಎಲ್ಲ ಹೋಲಿಸಿ ತಗೊಳ್ಳಿ, ಮತ್ತೆ ದೂರ ಹೋಗೋರು ಬ್ಯಾಗಲ್ಲಿ ಒಂದು ಎಕ್ಸ್ಟ್ರಾ ಇಟ್ಕೊಳ್ಳಿ.

ಸ್ಕ್ರೂ ಸರದಿ ಈಗ, ಹ್ಯಾಂಗರ್ ನೆಟ್ಟಗಾದ್ಮೇಲೆ. ಚಿಕ್ಕ ಚಕ್ರದಲ್ಲಿ ಕೇಬಲ್ ಸಡಿಲ ಮಾಡಿ, ಹಿಂದಿನಿಂದ ನೋಡ್ತಾ ಮೇಲಿನ ಗಾಲಿ ಆ ಚಕ್ರದ ನೇರ ಕೆಳಗೆ ಬರೋವರೆಗೆ ಎಚ್ ತಿರುಗಿಸಿ. ಆಮೇಲೆ ಪೆಡಲ್ ತಿರುಗಿಸ್ತಾ ಡಿರೈಲರ್‌ನ ಕೈಯಲ್ಲೇ ಒಳಕ್ಕೆ ತಳ್ಳಿ, ಚೈನು ದೊಡ್ಡ ಚಕ್ರಕ್ಕೆ ಏರ್ಬೇಕು, ಅದಕ್ಕಿಂತ ಆಚೆ ಎಷ್ಟೇ ತಳ್ಳಿದ್ರೂ ಹೋಗ್ಬಾರ್ದು, ಅಲ್ಲಿಗೆ ಎಲ್. ಎರಡೂ ಸ್ಕ್ರೂ ಬಲಕ್ಕೆ ತಿರುಗಿಸಿದ್ರೆ ಬೇಲಿ ಹತ್ರ ಬರುತ್ತೆ. ಕೇಬಲ್ ಎಳೆದು ಟೈಟ್ ಮಾಡಿ, ಕಾಲು ಸುತ್ತಿನ ಆಟ ಮೊದಲಿಂದ.

[ಚಕ್ರ ಹತ್ತಿರದಿಂದ. ಎಂಟೂ ಗೇರ್ ಒಂದೊಂದಾಗಿ ಏರಿ ಇಳಿಯೋದು. ಚೈನ್ ಸದ್ದು ಮಾತ್ರ]

ನೀವು ಹೊಸ ಕೇಬಲ್ ಹಾಕಿದ್ರೆ ಎರಡು ಮೂರು ರೈಡ್ ಆದ್ಮೇಲೆ ಮತ್ತೆ ಸ್ವಲ್ಪ ಕಟಕಟ ಅನ್ನುತ್ತೆ, ಗಾಬರಿ ಬೀಳ್ಬೇಡಿ, ಕೇಬಲ್ಲೂ ಕವಚನೂ ಒಂದಕ್ಕೊಂದು ಕೂತ್ಕೊಳ್ತಿರುತ್ತೆ, ಬ್ಯಾರಲ್ ಎಡಕ್ಕೆ ಕಾಲು ಸುತ್ತು, ಅಷ್ಟೇ. ಸ್ಕ್ರೂಡ್ರೈವರ್ ನಾನು ಎತ್ತಿಟ್ಟಿದೀನಿ, ಎಲ್ಲಿ ಅಂತ ಅವಳಿಗೆ ಹೇಳಿಲ್ಲ.