ಮೂಗು ಮುಚ್ಚಿಕೊಂಡು ನೋಡುವ ಹೂವು

ಕೇಳುಗರಿಗೆ ನಮಸ್ಕಾರ.

ಹೂ ಕಂಡರೆ ಮೂಗಿನ ಹತ್ತಿರ ತಂದುಕೊಳ್ಳುವುದು ರೂಢಿ. ಇವತ್ತಿನ ಹೂವಿನ ಮುಂದೆ ಮಾತ್ರ ಜನ ಗಂಟೆಗಟ್ಟಲೆ ಸರತಿಯಲ್ಲಿ ಕಾದು, ಕೊನೆಗೆ ಮೂಗು ಮುಚ್ಚಿಕೊಂಡು ನಿಲ್ಲುತ್ತಾರೆ.

ಟೈಟನ್ ಆರಮ್ ಎಂದು ಇದರ ಹೆಸರು. ಕೆಸುವಿನ ಕುಟುಂಬದ್ದು. ತವರು ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಮಳೆಕಾಡು. ಅಲ್ಲಿ ಇದಕ್ಕೆ 'ಬುಂಗಾ ಬಂಕಾಯ್' ಎನ್ನುತ್ತಾರೆ, ಅಂದರೆ ಹೆಣದ ಹೂವು. ಸುತ್ತಿ ಬಳಸಿ ಹೇಳುವ ಗೊಡವೆಯೇ ಇಲ್ಲ ನೋಡಿ. 1878ರಲ್ಲಿ ಇಟಲಿಯ ಸಸ್ಯವಿಜ್ಞಾನಿ ಬೆಕ್ಕಾರಿ ಇದನ್ನು ಕಂಡು ಬೀಜ ಕಳಿಸಿದ. ಆ ಬೀಜದ ಗಿಡವೊಂದು 1889ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಅರಳಿತು. 1926ರಲ್ಲಿ ಅಲ್ಲೇ ಮತ್ತೊಮ್ಮೆ ಅರಳಿದಾಗ ನೂಕುನುಗ್ಗಲು ತಡೆಯಲು ಪೊಲೀಸರೇ ಬರಬೇಕಾಯಿತು.

ಮೊದಲ ಹೂವಿಗೆ ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ಕಾಯಬೇಕು. ಅಷ್ಟು ಕಾಲ ಒಂದು ಸಲಕ್ಕೆ ಒಂದೇ ಎಲೆ, ನೋಡಿದರೆ ಸಣ್ಣ ಮರದ ಹಾಗೆ. ಅದು ದುಡಿದದ್ದೆಲ್ಲ ನೆಲದಡಿಯ ಗೆಡ್ಡೆಗೆ ಜಮಾ. ಎಡಿನ್‌ಬರೋ ಉದ್ಯಾನದ ಗೆಡ್ಡೆಯೊಂದು 2010ರಲ್ಲಿ 153.9 ಕಿಲೋ ತೂಗಿತ್ತು!

ಕೂಡಿಟ್ಟದ್ದು ಖರ್ಚಾಗುವುದು ಒಂದೆರಡು ರಾತ್ರಿಯಲ್ಲಿ. ಹೊರಗೆ ಹಸಿರು, ಒಳಗೆ ಹಸಿ ಮಾಂಸದ ಬಣ್ಣದ ದೊಡ್ಡ ಸೆರಗು ಬಿಚ್ಚಿಕೊಳ್ಳುತ್ತದೆ. ನಡುವಿನ ಕಂಬ ಮೂರು ಮೀಟರ್ ತನಕ ಏರಬಲ್ಲದು. ಅದು ನಮ್ಮ ಮೈಯಷ್ಟೇ ಬಿಸಿಯಾಗುತ್ತದೆ. ಆ ಕಾವಿಗೆ ನಾತ ಅಲೆಅಲೆಯಾಗಿ ಮೇಲೇಳುತ್ತದೆ. ಕೊಳೆತ ಮಾಂಸದಲ್ಲಿರುವ ಗಂಧಕದ ಸಂಯುಕ್ತಗಳೇ ಇದರಲ್ಲೂ ಇವೆ, ಜೊತೆಗೆ ಬೆವರಿದ ಕಾಲುಚೀಲದ ವಾಸನೆಯ ಆಮ್ಲ. ಹೆಣ ಸಿಕ್ಕಿತೆಂದು ಜೀರುಂಡೆ, ನೊಣಗಳು ಓಡಿಬರುತ್ತವೆ. ಬಂದವಕ್ಕೆ ಮಾಂಸವೂ ಇಲ್ಲ, ಮಕರಂದವೂ ಇಲ್ಲ. ಶುದ್ಧ ಮೋಸ.

ಆದರೆ ಮೋಸ ಮಾಡಿಯೂ ಇದರ ಕೆಲಸ ಸಲೀಸಲ್ಲ. ನಿಜವಾದ ಹೂಗಳು ಕಂಬದ ಬುಡದಲ್ಲಿ ಅಡಗಿವೆ, ನೂರಾರು. ಮೊದಲ ರಾತ್ರಿ ಹೆಣ್ಣುಹೂಗಳ ಸರದಿ. ಗಂಡುಹೂಗಳು ಪರಾಗ ಉದುರಿಸುವ ಹೊತ್ತಿಗೆ ಅವುಗಳ ಕಾಲ ಮುಗಿದಿರುತ್ತದೆ. ಹಾಗಾಗಿ ಪರಾಗ ಸಿಗಬೇಕಾದರೆ ಆಸುಪಾಸಿನಲ್ಲಿ ಇನ್ನೊಂದು ಗಿಡವೂ ಅದೇ ಹೊತ್ತಿಗೆ ಅರಳಿರಬೇಕು. ಉದ್ಯಾನದಲ್ಲಿ ಅದೆಲ್ಲಿಂದ ಬರಬೇಕು? ಅದಕ್ಕೇ ತೋಟದವರು ಸೆರಗಿನ ಬುಡದಲ್ಲಿ ಅಂಗೈಯಗಲ ಕಿಟಕಿ ಕೊರೆದು, ಬೇರೊಂದು ಉದ್ಯಾನದಿಂದ ತರಿಸಿ ಶೈತ್ಯದಲ್ಲಿಟ್ಟ ಪರಾಗವನ್ನು ಬ್ರಷ್‌ನಿಂದ ಹಚ್ಚುತ್ತಾರೆ. ಮುಖವಿಡೀ ಆ ನಾತದೊಳಗೆ. ಸರತಿಯಲ್ಲಿ ನಿಂತು ಹೋದವರಿಗಿಂತ ನನಗೆ ಇವರ ಮೇಲೇ ಅಕ್ಕರೆ.

ಕೆಲವೇ ದಿನಗಳಲ್ಲಿ ಕಂಬ ಕುಸಿದು ಮಡಿಚಿಕೊಳ್ಳುತ್ತದೆ. ಆ ಹೊತ್ತಿಗೆ ನಾತವೂ ಇಲ್ಲ, ಸಾಲೂ ಇಲ್ಲ.

ನಮಸ್ಕಾರ.