ಬೇಸಿಕ್ ಎಷ್ಟು ಮಾರಾಯ?

ಕೇಳುಗರಿಗೆ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. 2007ರಿಂದ ಹದಿನಾಲ್ಕು ವರ್ಷ ದುಬೈ, ಶಾರ್ಜಾದಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಈಗ ಊರಲ್ಲಿ ಅಡಕೆ ತೋಟ, ನಾಲ್ಕು ದನ, ಜೊತೆಗೆ ಊರಿನ ಹುಡುಗರು ತರುವ ವೀಸಾ ಕಾಗದ ಓದಿ ಹೇಳುವ ಸಂಬಳವಿಲ್ಲದ ಕೆಲಸ. ಗಲ್ಫಿನಲ್ಲಿ ಈಗ ಕೆಲಸ ಉಂಟಾ ಇಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಉಂಟು. ಆದರೆ ಇರುವ ಕೆಲಸ ಹೋದರೆ ಏನಾಗುತ್ತದೆ ಅಂತ ಒಬ್ಬನೂ ಕೇಳುವುದಿಲ್ಲ.

ನನಗೆ ಅದು 2009ರಲ್ಲಿ ಗೊತ್ತಾಯಿತು. ಆ ನವೆಂಬರಿನಲ್ಲಿ ದುಬೈ ಸರಕಾರದ ದೊಡ್ಡ ಕಂಪನಿ ದುಬೈ ವರ್ಲ್ಡ್ ತನ್ನ ಸಾಲ ತೀರಿಸಲು ಆರು ತಿಂಗಳು ಸಮಯ ಕೇಳಿತ್ತು. ಅದಕ್ಕೂ ಮೊದಲೇ ಅರ್ಧ ಕಟ್ಟಿದ ಕಟ್ಟಡಗಳ ಮೇಲೆ ಕ್ರೇನುಗಳು ಸುಮ್ನೆ ನಿಂತಿದ್ದವು. ನಮ್ಮದು ಕಟ್ಟಡದ ಸಾಮಾನು ಪೂರೈಸುವ ಒಂದು ಸಣ್ಣ ಕಂಪನಿ. ಒಂದು ಗುರುವಾರ ಸಂಜೆ ಮ್ಯಾನೇಜರ್ ಕರೆದ. ಮೇಜಿನ ಮೇಲೆ ಅರಬ್ಬಿ, ಇಂಗ್ಲಿಷ್ ಎರಡರಲ್ಲೂ ಬರೆದ ಒಂದು ಕಾಗದ, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು. ಚಹಾ ಕೂಡ ಹೇಳಿದ ಪುಣ್ಯಾತ್ಮ, ಮೂರು ವರ್ಷದಲ್ಲಿ ಅದೇ ಮೊದಲು! ಸಹಿ ಹಾಕಿ ರೂಮಿಗೆ ಬಂದು, ಊರಿಂದ ತಂದಿದ್ದ ಪಂಚಾಂಗದ ಕ್ಯಾಲೆಂಡರಿನಲ್ಲಿ ಮೂವತ್ತು ದಿನ ಎಣಿಸಿ ಬಾಲ್‌ಪೆನ್ನಿನಲ್ಲಿ ಒಂದು ಗೆರೆ ಎಳೆದೆ. ಆಗ ವೀಸಾ ಕ್ಯಾನ್ಸಲ್ ಆದಮೇಲೆ ಸಿಗುತ್ತಿದ್ದದ್ದು ಅಷ್ಟೇ ದಿನ. ಅಷ್ಟರೊಳಗೆ ಬೇರೆ ಕೆಲಸ ಸಿಗಬೇಕು, ಇಲ್ಲವಾದರೆ ವಿಮಾನ ಹತ್ತಬೇಕು. ಅಮ್ಮ ಫೋನಿನಲ್ಲಿ "ಚಳಿ ಜೋರುಂಟಾ?" ಅಂತ ಕೇಳಿದರೆ "ಹೂಂ, ಸ್ವಲ್ಪ" ಅಂದೆ, ಬೇರೇನೂ ಹೇಳಲಿಲ್ಲ. ಇಪ್ಪತ್ತಾರನೇ ದಿನ ಶಾರ್ಜಾದ ಒಂದು ಗೋದಾಮಿನಲ್ಲಿ ನಾನೂರು ದಿರ್ಹಂ ಕಡಿಮೆಗೆ ಕೆಲಸ ಸಿಕ್ಕಿತು. ಎರಡು ಮಾತಾಡದೆ ಹೋದೆ.

ಊರಲ್ಲಿ ಕೆಲಸ ಹೋದರೆ ಮನೆಯಲ್ಲಿ ಕೂತುಕೊಳ್ಳಬಹುದು. ಅಮ್ಮ ಬೈಯುತ್ತಾ ಆದರೂ ಗಂಜಿ ಬಡಿಸುತ್ತಾರೆ. ಅಲ್ಲಿ ವೀಸಾ ಇರುವುದೇ ಕೆಲಸಕ್ಕೆ ಕಟ್ಟಿಕೊಂಡು. ಹಾಗಾಗಿ ಪರದೇಶಿಗೆ ನಿರುದ್ಯೋಗಿ ಆಗಿರಲಿಕ್ಕೂ ಪುರುಸೊತ್ತಿಲ್ಲ. ಕೆಲಸ ಸಿಗದವನು ಹೊರಟೇ ಹೋಗುತ್ತಾನಲ್ಲ, ಮತ್ತೆ ಅಲ್ಲಿನ ನಿರುದ್ಯೋಗಿಗಳ ಲೆಕ್ಕದಲ್ಲಿ ಅವನು ಕಾಣುವುದಾದರೂ ಹೇಗೆ? ಈಗ ಯುಎಇಯಲ್ಲಿ ವೀಸಾ ಕ್ಯಾನ್ಸಲ್ ಆದಮೇಲಿನ ಆ ಅವಧಿಯನ್ನು ವೀಸಾ ನೋಡಿಕೊಂಡು 180 ದಿನದವರೆಗೂ ಮಾಡಿದ್ದಾರೆ. ಅಷ್ಟು ಒಳ್ಳೆಯದಾಯಿತು.

ಸೌದಿಯ ಕಥೆ ಇನ್ನೊಂದು. ಅಲ್ಲಿನ ಸ್ವಂತ ಪ್ರಜೆಗಳಲ್ಲೇ ನಿರುದ್ಯೋಗ 2018ರಲ್ಲಿ ಶೇಕಡಾ 12ರ ಮೇಲಿತ್ತು. ಓದಿದ ಹುಡುಗ ಹುಡುಗಿಯರು ಮನೆಯಲ್ಲಿ, ಅಂಗಡಿಗಳಲ್ಲಿ ನಾವು. 2011ರಲ್ಲೇ ನಿತಾಖಾತ್ ಅಂತ ತಂದಿದ್ದರು. ಕಂಪನಿಗಳಿಗೆ ಕೆಂಪು, ಹಳದಿ, ಹಸಿರು, ಪ್ಲಾಟಿನಂ ಅಂತ ಆಗ ಬಣ್ಣ. ಸೌದಿಯವರು ಕಡಿಮೆ ಇದ್ದರೆ ಕೆಂಪು, ಕೆಂಪಾದರೆ ನಮ್ಮವರ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ನವೀಕರಣ ಇಲ್ಲ. 2016ರಲ್ಲಿ ಮೊಬೈಲ್ ಅಂಗಡಿಯ ಕೆಲಸ ಪೂರ್ತಿ ಸೌದಿಯವರಿಗೇ ಅಂತ ಆಯಿತು, ಆಗ ಎಷ್ಟೋ ಹುಡುಗರು ಪೆಟ್ಟಿಗೆ ಕಟ್ಟಿದರು. 2017ರ ಜುಲೈಯಿಂದ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ, ವರ್ಷ ವರ್ಷ ನೂರು ಏರಿ 2020ಕ್ಕೆ 400. ದಮ್ಮಾಮಿನಲ್ಲಿದ್ದ ನನ್ನ ಒಬ್ಬ ಗೆಳೆಯನಿಗೆ ಹೆಂಡತಿ, ಎರಡು ಮಕ್ಕಳು. ಅವನು ಎರಡನೇ ವರ್ಷವೇ ಲೆಕ್ಕ ಹಾಕಿ ಅವರನ್ನು ಊರಿಗೆ ಕಳಿಸಿದ. ಅಲ್ಲಿ ಅರಬ್ಬಿ ಓದುತ್ತಿದ್ದ ಮಗಳು ಇಲ್ಲಿ ಬಂದು ಕನ್ನಡ, ಮಲಯಾಳ ಎರಡನ್ನೂ ಮೊದಲಿಂದ ಕಲಿತಳು. 2024ರ ಕೊನೆಗೆ ಸೌದಿಯವರ ನಿರುದ್ಯೋಗ ಶೇಕಡಾ 7ಕ್ಕೆ ಇಳಿಯಿತು. ಅವರ ಕಡೆಯಿಂದ ನೋಡಿದರೆ ಕೆಲಸ ಆಯಿತು, ಅಲ್ವಾ?

ನನಗೆ ಅವರ ಮೇಲೆ ಸಿಟ್ಟಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕಚೇರಿಗೆ ಕನ್ನಡ ಬಲ್ಲವರನ್ನು ಹಾಕಿ ಅಂತ ಅರ್ಜಿ ಬರೆಯುತ್ತಾ ಬಂದವರು ನಾವು. ಇಲ್ಲಿಯವರಿಗೆ ಇಲ್ಲಿಯ ಕೆಲಸ ಅಂತ ನಾವು ಕೇಳಬಹುದಾದರೆ ಅವರೂ ಕೇಳಬಹುದು. ಇನ್ನೊಂದು ನೋಡಿ, ನನ್ನ ತೋಟದಲ್ಲಿ ಅಡಕೆ ಹೆಕ್ಕುವವರು ಅಸ್ಸಾಮಿನ ಹುಡುಗರು. ರಾತ್ರಿ ಶೆಡ್ಡಿನ ಜಗಲಿಯಲ್ಲಿ ಕೂತು ಮನೆಗೆ ಫೋನು ಮಾಡುತ್ತಾರೆ. ದನಿ ಕೇಳಿದರೇ ಗೊತ್ತಾಗುತ್ತದೆ, ಏನೋ ಮುಚ್ಚಿಡುತ್ತಿದ್ದಾರೆ ಅಂತ.

ಈಗ ಹೊರಡುವವರಿಗೆ ಎರಡು ಮಾತು. ಯುಎಇಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಖಾಸಗಿ ಕಂಪನಿಗಳು 2022ರಿಂದ ವರ್ಷಕ್ಕೆ ಶೇಕಡಾ 2ರಂತೆ ತಮ್ಮ ದೇಶದವರನ್ನು ಹೆಚ್ಚಿಸಬೇಕು, 2026ರ ಕೊನೆಗೆ ಶೇಕಡಾ 10 ಆಗಬೇಕು. ಇಲ್ಲವಾದರೆ ದಂಡ. ಇದು ಓದು ಬೇಕಾದ ಕೆಲಸಗಳಿಗೆ ಮಾತ್ರ. ಅಂದರೆ ಮೇಸ್ತ್ರಿಗೆ, ಡ್ರೈವರಿಗೆ ಇದರ ಬಿಸಿ ಅಷ್ಟಿಲ್ಲ. ಬಿಕಾಂ ಮಾಡಿ ಆಫೀಸಿನ ಕುರ್ಚಿ ನೋಡಿಕೊಂಡು ಹೋಗುವ ನಮ್ಮ ಹುಡುಗರಿಗೇ ಜಾಸ್ತಿ.

ಇನ್ನು ಬೇಸಿಕ್, ಅಂದರೆ ಅಲೊವೆನ್ಸ್ ಬಿಟ್ಟು ಇರುವ ಮೂಲ ಸಂಬಳ. 2023ರ ಜನವರಿಯಿಂದ ಅಲ್ಲಿ ಕೆಲಸ ಹೋದವರಿಗೆ ವಿಮೆ ಬಂದಿದೆ. ಬೇಸಿಕ್ 16,000 ದಿರ್ಹಂ ಒಳಗಿದ್ದರೆ ತಿಂಗಳಿಗೆ 5 ದಿರ್ಹಂ ಕಟ್ಟಬೇಕು. ಮಾಡಿಸದಿದ್ದರೆ 400 ದಂಡ. ಒಂದು ವರ್ಷ ಕಟ್ಟಿದ ಮೇಲೆ ಕಂಪನಿಯೇ ತೆಗೆದರೆ ಬೇಸಿಕ್ಕಿನ ಶೇಕಡಾ 60, ಹೆಚ್ಚೆಂದರೆ ಮೂರು ತಿಂಗಳು. ನಾವೇ ರಾಜೀನಾಮೆ ಕೊಟ್ಟರೆ ಇಲ್ಲ. ಈಗ ಮೋಸ ಎಲ್ಲಿ ನೋಡಿ. ಏಜೆಂಟ್ 3,000 ಸಂಬಳ ಅನ್ನುತ್ತಾನೆ. ಕಾಗದದಲ್ಲಿ ಬೇಸಿಕ್ 1,200, ಉಳಿದದ್ದು ಅಲೊವೆನ್ಸ್. ಆಗ ವಿಮೆಯಿಂದ ಬರುವುದು 720, ಅದು ಬೆಡ್‌ಸ್ಪೇಸಿನ, ಅಂದರೆ ಹಂಚಿಕೊಂಡ ರೂಮಿನ ಒಂದು ಮಂಚದ, ಬಾಡಿಗೆ ಕೊಡುವಷ್ಟರಲ್ಲಿ ಮುಗಿಯುತ್ತದೆ. ಕೆಲಸ ಬಿಡುವಾಗ ಸಿಗುವ ಗ್ರಾಚುಟಿಯೂ ಬೇಸಿಕ್ಕಿನ ಮೇಲೆಯೇ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಅಂದರೆ 2,100 ಸಿಗಬೇಕಾದಲ್ಲಿ 840. ನನಗೆ ಇದು ಗೊತ್ತಾದದ್ದು ಊರಿಗೆ ಬರುವ ದಿನ, ಚೆಕ್ ಕೈಗೆ ಬಂದಾಗ.

ಊರಿಗೆ ಬಂದಮೇಲೆ ನೋರ್ಕಾದ, ಅಂದರೆ ಕೇರಳ ಸರಕಾರದ ಅನಿವಾಸಿಗಳ ಇಲಾಖೆಯ, ಸಾಲ ಉಂಟು. ಎರಡು ವರ್ಷ ಹೊರಗಿದ್ದು ಬಂದವರಿಗೆ, 30 ಲಕ್ಷದವರೆಗಿನ ಯೋಜನೆಗೆ ಶೇಕಡಾ 15 ಸಬ್ಸಿಡಿ. ನನ್ನ ದನಗಳು ಬಂದದ್ದು ಅದರಿಂದಲೇ, ಬ್ಯಾಂಕಿಗೆ ಒಂಬತ್ತು ಸಲ ಅಲೆದ ಮೇಲೆ.

ಮೊನ್ನೆ ಪಕ್ಕದ ಮನೆಯ ಹುಡುಗ ಬಂದ. "ಮಾವ, ದುಬೈಗೆ ವೀಸಾ ಆಯಿತು, ಸಂಬಳ ಮೂರು ಸಾವಿರ" ಅಂತ ಮೊಬೈಲಿನಲ್ಲಿ ಆಫರ್ ಲೆಟರ್ ತೋರಿಸಿದ. ಕನ್ನಡಕ ಹಾಕಿ ನೋಡಿದೆ. ಬೇಸಿಕ್ ಅಂತ ಬರೆದ ಕಡೆ ಖಾಲಿ. "ಇಲ್ಲಿ ಎಷ್ಟು ಮಾರಾಯ?" ಅಂದೆ. ಅಲ್ಲೇ ಏಜೆಂಟನಿಗೆ ಫೋನು ಹಚ್ಚಿದ. ರಿಂಗ್ ಆಗುತ್ತಲೇ ಇತ್ತು, ಎತ್ತಲಿಲ್ಲ. "ನಾಳೆ ಕೇಳುತ್ತೇನೆ ಮಾವ" ಅಂತ ಹೋದವನು ಮತ್ತೆ ಬಂದಿಲ್ಲ. ಭಾನುವಾರ ಬಜಪೆಯಿಂದ ವಿಮಾನ ಅಂತ ಅವನ ಅಮ್ಮ ಹಾಲಿಗೆ ಬಂದಾಗ ಹೇಳಿದರು.