ಬೋಟಿನ ಹೊಗೆ, ಕರಿದ ಎಣ್ಣೆ

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗಿನ ಹೊತ್ತು ಮಂಜೇಶ್ವರದ ಮೀನುಗಾರಿಕಾ ಬಂದರಿಗೆ ಹೋದವರು ಇದನ್ನು ನೋಡಿರುತ್ತೀರಿ. ಹಳೆಯ ಬೋಟಿನ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕಪ್ಪು ಹೊಗೆ ಬುಸ್ಸೆಂದು ಏಳುತ್ತದೆ. ಬಲೆ ಸರಿಮಾಡುತ್ತ ನಿಂತವರ ಮುಖಕ್ಕೇ ಬಡಿಯುತ್ತದೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಆ ಹೊಗೆಯನ್ನು ಸ್ವಲ್ಪವಾದರೂ ಇಳಿಸಬಹುದಾದ ವಸ್ತು ನಮ್ಮ ಅಂಗಡಿಗಳ ಬಾಣಲೆಯಲ್ಲೇ ಇದೆ. ಪೋಡಿ, ಉಪ್ಪೇರಿ ಕರಿದು ಉಳಿದ ಎಣ್ಣೆ.

ಆದರೆ ಆ ಎಣ್ಣೆಯನ್ನು ಹಾಗೇ ಇಂಜಿನ್ನಿಗೆ ಹಾಕಬೇಡಿ. ಬದಿಯಡ್ಕದ ಕಡೆ ನನ್ನ ಪರಿಚಯದ ಕೃಷಿಕರೊಬ್ಬರು ಅಡಿಕೆ ತೋಟದ ಪಂಪಿಗೆ ಹಾಗೆ ಮಾಡಿದರು. ನಾಜಲ್‌ಗೆ ಮಸಿ ಕಟ್ಟಿತು, ಪಿಸ್ಟನ್ ರಿಂಗ್ ಹಿಡಿದುಕೊಂಡಿತು. ಎಣ್ಣೆ ಡೀಸೆಲ್‌ಗಿಂತ ತುಂಬ ಮಂದ, ಸರಿಯಾಗಿ ಸಿಂಪಡಣೆ ಆಗುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸುತ್ತಾರೆ. ಗ್ಲಿಸರಿನ್ ಕೆಳಗೆ ಇಳಿಯುತ್ತದೆ, ಮೇಲೆ ತೆಳುವಾದ ಬಯೋಡೀಸೆಲ್ ಉಳಿಯುತ್ತದೆ. ಮೆಥನಾಲ್ ವಿಷ, ಬೇಗ ಬೆಂಕಿಯೂ ಹತ್ತುತ್ತದೆ. ಮನೆಯಲ್ಲಿ ಮಾಡಿ ನೋಡುವ ಕೆಲಸ ಇದಲ್ಲ.

ಈ ಬಯೋಡೀಸೆಲನ್ನು ಡೀಸೆಲ್‌ಗೆ ಬೆರೆಸಿದರೆ ಹೊಗೆ ಯಾಕೆ ಇಳಿಯುತ್ತದೆ? ಇಂಜಿನ್ ಒಳಗೆ ಡೀಸೆಲ್ ಸಿಂಪಡಣೆಯಾದಾಗ ಅದರ ನಟ್ಟನಡುವೆ ಗಾಳಿ ಸಾಲುವುದಿಲ್ಲ. ಪೂರ್ತಿ ಉರಿಯದೆ ಉಳಿದದ್ದೇ ಮಸಿ. ಬಯೋಡೀಸೆಲ್‌ನ ತೂಕದಲ್ಲಿ ಸುಮಾರು 11 ಶೇಕಡಾ ಆಮ್ಲಜನಕವೇ. ಉರಿಯಲು ಬೇಕಾದ ಗಾಳಿಯಲ್ಲಿ ಒಂದು ಪಾಲನ್ನು ಅದು ತಾನೇ ಹೊತ್ತು ತರುತ್ತದೆ. 2002ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಳೆಯ ಲಾರಿ ಇಂಜಿನ್‌ಗಳ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ನೋಡಿತು. 20 ಪಾಲು ಸೋಯಾ ಬಯೋಡೀಸೆಲ್, 80 ಪಾಲು ಡೀಸೆಲ್ ಬೆರೆಸಿದಾಗ ಮಸಿಯ ಕಣ ಸುಮಾರು 10 ಶೇಕಡಾ ಇಳಿಯಿತು. ಕಾರ್ಬನ್ ಮೊನಾಕ್ಸೈಡ್ 11, ಉರಿಯದ ಹೈಡ್ರೋಕಾರ್ಬನ್ 21 ಶೇಕಡಾ ಇಳಿಯಿತು.

ಏರಿದ್ದೂ ಒಂದಿದೆ. ಶ್ವಾಸಕೋಶಕ್ಕೆ ಕೆಟ್ಟದಾದ ನೈಟ್ರೋಜನ್ ಆಕ್ಸೈಡ್ ಅನಿಲಗಳು, ಸುಮಾರು 2 ಶೇಕಡಾ. ಇದನ್ನು ಮುಚ್ಚಿಟ್ಟು ಬಯೋಡೀಸೆಲ್ ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಬಯೋಡೀಸೆಲ್ ಡೀಸೆಲ್‌ನಷ್ಟು ಒತ್ತಿಕೊಳ್ಳುವುದಿಲ್ಲ. ಹಾಗಾಗಿ ಹಳೆಯ ಪಂಪ್ ಇರುವ ಇಂಜಿನ್‌ನಲ್ಲಿ ಸಿಂಪಡಣೆ ಒಂದು ಚೂರು ಬೇಗ ಶುರುವಾಗುತ್ತದೆ, ಒಳಗೆ ಬಿಸಿ ಜಾಸ್ತಿಯಾಗುತ್ತದೆ. ಆ ಬಿಸಿಗೆ ಗಾಳಿಯ ನೈಟ್ರೋಜನ್ ಆಮ್ಲಜನಕದ ಜೊತೆ ಸೇರಿ ಈ ಅನಿಲ ಆಗುತ್ತದೆ. ನಮ್ಮ ಪೊಲ್ಯೂಷನ್ ಸರ್ಟಿಫಿಕೇಟಿಗೆ ಡೀಸೆಲ್ ಗಾಡಿ ಕೊಂಡುಹೋದರೆ ಹೊಗೆ ಎಷ್ಟು ದಟ್ಟ ಎಂದಷ್ಟೇ ನೋಡುತ್ತಾರೆ. ಈ ಅನಿಲದ ಲೆಕ್ಕ ಅಲ್ಲಿ ಬರುವುದೇ ಇಲ್ಲ, ಗೊತ್ತಾ?

ಇಲ್ಲಿ ತೆಂಗಿನ ನಾಡಿನವರಾದ ನಮಗೆ ಒಂದು ಅನುಕೂಲ ಇದೆ. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಸೋಯಾದಂಥ ಎಣ್ಣೆಯಲ್ಲಿ ನೈಟ್ರೋಜನ್ ಆಕ್ಸೈಡ್ ಏರುವುದು ಜಾಸ್ತಿ. ತಣ್ಣಗಾದಾಗ ಗಟ್ಟಿಯಾಗುವ ತೆಂಗಿನೆಣ್ಣೆಯಂಥದ್ದರಲ್ಲಿ ಏರುವುದು ಕಡಿಮೆ, ಕೆಲವು ಸಲ ಇಳಿಯುವುದೂ ಉಂಟು. ಫಿಲಿಪ್ಪೀನ್ಸ್‌ನಲ್ಲಿ 2007ರಿಂದಲೇ ತೆಂಗಿನೆಣ್ಣೆಯ ಬಯೋಡೀಸೆಲ್ ಬೆರೆಸುವುದು ಕಡ್ಡಾಯ. ಆದರೆ ಈಗಿನ ರೇಟಿಗೆ ತಾಜಾ ತೆಂಗಿನೆಣ್ಣೆ ಸುಡುವುದು ನ್ಯಾಯವಲ್ಲ. ಕರಿದು ಉಳಿದದ್ದು ಸಾಕು.

ಹೊಸ ಗಾಡಿಗಳ ಕಥೆ ಬೇರೆ. 2020ರ ಏಪ್ರಿಲ್‌ನಿಂದ ಬಂದ, ಬಿಎಸ್ 6 ಎಂಬ ಬಿಗಿಯಾದ ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅಲ್ಲಿ ಬಯೋಡೀಸೆಲ್‌ನಿಂದ ಹೊಗೆಯಲ್ಲಿ ಆಗುವ ವ್ಯತ್ಯಾಸ ಸಣ್ಣದು. ಎಷ್ಟು ಬೆರೆಸಬಹುದು ಎನ್ನುವುದನ್ನು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೇ ನೋಡಿ.

ಮಸಿ ಹಿಡಿಯುವ ಫಿಲ್ಟರ್ ಇಲ್ಲದ ಇಂಜಿನ್‌ಗಳು ಯಾವುವು? ಹಳೆಯ ಜೀಪು, ಜನರೇಟರ್, ತೋಟದ ಪಂಪು, ಬೋಟು. ಮಸಿ ಇಳಿಸುವ ಕೆಲಸ ಮೊದಲು ಆಗಬೇಕಾದದ್ದು ಇವುಗಳಲ್ಲಿ. ಹಳೆಯ ಟ್ಯಾಂಕಿಗೆ ಬಯೋಡೀಸೆಲ್ ಬೆರೆಸಿದ ಡೀಸೆಲ್ ಹಾಕಿದರೆ ತಳದ ಕೊಳೆಯೆಲ್ಲ ಕರಗಿ ಡೀಸೆಲ್ ಫಿಲ್ಟರಿಗೆ ಬಂದು ಕಟ್ಟುತ್ತದೆ. ಹಾಗಾಗಿ ಬೋಟಿನವರು ಮೊದಮೊದಲು ಒಂದು ಹೊಸ ಫಿಲ್ಟರ್ ಜೊತೆಗೇ ಇಟ್ಟುಕೊಳ್ಳಿ. ನಡುಗಡಲಲ್ಲಿ ಇಂಜಿನ್ ನಿಲ್ಲಬಾರದು, ಅಲ್ವಾ?

ನಮಸ್ಕಾರ.